ದಾವಣಗೆರೆಯಲ್ಲಿ ಮನೆ ಹಿಡಿಯುವ ಫ್ರೀಲಾನ್ಸರ್‌ಗೆ: ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದಾಗ

ಡಿಗ್ರಿ ಮುಗಿದಿದೆ, ಲ್ಯಾಪ್‌ಟಾಪ್ ಇದೆ, ಡಿಸೈನೋ ಅನುವಾದವೋ ವಿಡಿಯೋ ಎಡಿಟಿಂಗೋ ಕೋಡಿಂಗೋ ಯಾವುದೋ ಒಂದು ಕೆಲಸ ಕೈಗೆ ಹತ್ತಿದೆ. ಬೆಂಗಳೂರಿನ ಬಾಡಿಗೆ ಕಟ್ಟುವಷ್ಟು ಸಂಪಾದನೆ ಇನ್ನೂ ಇಲ್ಲ; ಹಳ್ಳಿಯ ಮನೆಯಲ್ಲೇ ಕೂರೋಣ ಅಂದರೆ ಮೀಟಿಂಗ್ ನಡುವೆ ನೆಟ್ ಹೋಗುತ್ತದೆ. ಜಗಳೂರು, ಹೊಳಲ್ಕೆರೆ, ಹರಪನಹಳ್ಳಿ, ಚನ್ನಗಿರಿ ಕಡೆಯವರು ಇಂಥ ಹೊತ್ತಿನಲ್ಲಿ ದಾವಣಗೆರೆಯತ್ತ ನೋಡುವುದು ಸರಿಯಾದ ಲೆಕ್ಕವೇ. ಬೆಂಗಳೂರು ಸುಮಾರು 260 ಕಿ.ಮೀ., ಹುಬ್ಬಳ್ಳಿ ಸುಮಾರು 150 ಕಿ.ಮೀ. ಹೆದ್ದಾರಿಯೂ ಇದೆ, ರೈಲೂ ಇದೆ. ಕ್ಲೈಂಟ್ ಕರೆದರೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು.

ಆದರೆ ಸಂಬಳದವರು ಮನೆ ಹುಡುಕುವ ಹಾಗೆ ಹುಡುಕಿದರೆ ಕೆಡುತ್ತದೆ. ಅವರು ಬಾಡಿಗೆ ನೋಡುತ್ತಾರೆ, ಆಫೀಸಿಗೆ ಎಷ್ಟು ದೂರ ನೋಡುತ್ತಾರೆ, ಮುಗಿಯಿತು. ಹಗಲೆಲ್ಲ ಮನೆಯಲ್ಲಿ ಇರುವುದೇ ಇಲ್ಲವಾದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಆ ಕೋಣೆ ಕಾದ ಹೆಂಚಾಗುತ್ತದೋ ಇಲ್ಲವೋ ಅವರಿಗೆ ಬೇಕಿಲ್ಲ. ನಿಮಗೆ ಬೇಕು. ನಿಮ್ಮ ಮನೆಯೇ ಆಫೀಸು, ಮೇಲಾಗಿ ನಿಮ್ಮ ಸಂಪಾದನೆಗೆ ಒಂದನೇ ತಾರೀಖು ಅನ್ನುವುದಿಲ್ಲ. ಕೆಳಗಿರುವುದೆಲ್ಲ ಈ ಎರಡು ಸಂಗತಿಯ ಮೇಲೆ ನಿಂತಿದೆ.

ಮೊದಲು ದುಡ್ಡು

ಹಿಂದಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಅತಿ ಕಡಿಮೆ ದುಡ್ಡು ಬಂದ ತಿಂಗಳನ್ನು ಗುರುತು ಮಾಡಿ. ಸರಾಸರಿ ಬೇಡ, ಸರಾಸರಿ ಯಾವಾಗಲೂ ಆಸೆ ಹುಟ್ಟಿಸುತ್ತದೆ. ಆ ಕಡಿಮೆ ತಿಂಗಳಿನ ಮೊತ್ತದಲ್ಲಿ ಕಾಲು ಭಾಗ ನಿಮ್ಮ ಬಾಡಿಗೆಯ ಮೇಲ್ಮಿತಿ. ಅತಿ ಕಡಿಮೆ 16,000 ಬಂದಿದ್ದರೆ ನೀರು, ಮೇಂಟೆನೆನ್ಸ್ ಸೇರಿ 4,000. ಅಷ್ಟರಲ್ಲಿ ಒಬ್ಬರಿಗೇ ಬೇರೆ ಮನೆ ಸಿಗದಿದ್ದರೆ ಒಂಟಿ ರೂಮು ಹಿಡಿಯಿರಿ, ಇಲ್ಲವೇ ಇನ್ನೊಬ್ಬರ ಜೊತೆ ಪಾಲು ಹಂಚಿಕೊಳ್ಳಿ.

ಕೈಯಲ್ಲಿರುವ ದುಡ್ಡನ್ನು ಮೂರು ಭಾಗ ಮಾಡಿ. ಒಂದು ಅಡ್ವಾನ್ಸ್‌ಗೆ, ಅದು ಮನೆ ಬಿಡುವವರೆಗೂ ವಾಪಸ್ ಬರುವುದಿಲ್ಲ, ಹೋಯಿತು ಅಂದುಕೊಳ್ಳಿ. ಎರಡನೆಯದು ಸಾಮಾನಿಗೆ. ಮೂರನೆಯದು ಮೂರು ತಿಂಗಳ ಬಾಡಿಗೆ, ಊಟ, ನೆಟ್, ರೀಚಾರ್ಜ್‌ಗೆ. ಈ ಮೂರನೇ ಭಾಗಕ್ಕೆ ಕೈ ಹಾಕುವಂತಿಲ್ಲ. ಮೂರೇ ತಿಂಗಳು ಯಾಕೆಂದರೆ, ಜೂನ್‌ನಲ್ಲಿ ಕೆಲಸ ಮಾಡಿ ತಿಂಗಳ ಕೊನೆಗೆ ಬಿಲ್ ಕಳಿಸಿದರೆ ಕಂಪನಿಗಳು 30ರಿಂದ 45 ದಿನ ತೆಗೆದುಕೊಳ್ಳುತ್ತವೆ, ದುಡ್ಡು ಕಾಣುವುದು ಆಗಸ್ಟ್‌ನಲ್ಲಿ. ನಡುವೆ ಎರಡು ಬಾಡಿಗೆ ಕಟ್ಟಿರಬೇಕು.

ಅಡ್ವಾನ್ಸ್ ಕೊಟ್ಟರೆ ಮೂರನೇ ಭಾಗ ಕರಗುತ್ತದೆ ಅಂತಾದರೆ ಆ ಮನೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಅಥವಾ ಹೀಗೆ ಕೇಳಿ ನೋಡಿ: "ಅಂಕಲ್, ಅಡ್ವಾನ್ಸ್ 20 ಸಾವಿರ ಕಡಿಮೆ ಮಾಡಿ, ತಿಂಗಳಿಗೆ 300 ಜಾಸ್ತಿ ಕೊಡ್ತೀನಿ." ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇ 18ರ ಬಡ್ಡಿ, ಕಡಿಮೆಯೇನಲ್ಲ. ಆದರೆ ದುಡ್ಡು ಬರುವುದು ತಡವಾದ ತಿಂಗಳು ಕೈಸಾಲಕ್ಕೆ ಹೋದರೆ ನೂರಕ್ಕೆ ಮೂರರಂತೆ, ಅಂದರೆ ವರ್ಷಕ್ಕೆ ಶೇ 36 ತೆರಬೇಕಾಗುತ್ತದೆ.

ಭೋಗ್ಯದ ಮಾತು ಬಂದರೆ ದೂರ ಇರಿ. ಲೀಸ್ ಅಂತ ಬೋರ್ಡ್ ಇರುತ್ತದೆ, ಒಂದೇ ಸಲ ಲಕ್ಷಗಟ್ಟಲೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯೇ ಇಲ್ಲ, ಕೊನೆಗೆ ಅಸಲು ವಾಪಸ್. ಅಪ್ಪ ಅಮ್ಮನಿಗೆ ಇದು ಬಹಳ ಹಿಡಿಸುತ್ತದೆ. ತೊಂದರೆ ಎಲ್ಲಿ ಬರುತ್ತದೆ ಅಂದರೆ, ಅಸಲು ವಾಪಸ್ ಬರುವುದು ಮಾಲೀಕರಿಗೆ ಮುಂದಿನ ಭೋಗ್ಯದವರು ಸಿಕ್ಕಾಗ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಅದು ಸುಸ್ತಿಯಾದರೆ ಮೊದಲ ಹಕ್ಕು ಬ್ಯಾಂಕಿನದು. ಕೆಲಸ ಇನ್ನೂ ಗಟ್ಟಿಯಾಗದವರು ಇದ್ದಬದ್ದ ದುಡ್ಡನ್ನು ಗೋಡೆಯಲ್ಲಿ ಹೂಳಬಾರದು.

ಮೊದಲ ತಿಂಗಳು ಮನೆ ಹಿಡಿಯಬೇಡಿ

ಪಿ.ಜಿ., ಹಾಸ್ಟೆಲ್ ರೂಮು, ಚಿಕ್ಕಮ್ಮನ ಮನೆ, ಯಾವುದಾದರೂ ಆಗಬಹುದು, ಒಂದು ತಿಂಗಳು ಅಲ್ಲಿದ್ದುಕೊಂಡು ಹುಡುಕಿ. ಬೇರೆ ಊರಿನಿಂದ ಒಂದು ಭಾನುವಾರ ಬಂದು ಹೋಗುವವರಿಗೆ ಸಿಗುವುದು ಉಳಿದವರು ಬಿಟ್ಟ ಮನೆ. ಪಿ.ಜಿ.ಗೆ ಸೇರುವಾಗ ಒಂದು ತಿಂಗಳಿಗೆ ಮಾತ್ರ ಅಂತ ಮೊದಲೇ ಹೇಳಿ. ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಪಿ.ಜಿ. ವೈಫೈ ನಂಬಿ ಕ್ಲೈಂಟ್ ಕಾಲ್ ಒಪ್ಪಿಕೊಳ್ಳಬೇಡಿ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಫೋನ್ ಹಿಡಿದು ಮಲಗಿದಾಗ ಅದು ತೆವಳುತ್ತದೆ.

ಕಾಲ ನೋಡಿ ಬರುವುದೂ ದುಡ್ಡು ಉಳಿಸುತ್ತದೆ. ಇದು ಕಾಲೇಜುಗಳ ಊರು: ಜೆ.ಜೆ.ಎಂ. ಮೆಡಿಕಲ್, ಬಿ.ಐ.ಇ.ಟಿ., ಯು.ಬಿ.ಡಿ.ಟಿ., ತೋಳಹುಣಸೆಯ ವಿಶ್ವವಿದ್ಯಾಲಯ. ಕೊನೆಯ ವರ್ಷದವರು ಪರೀಕ್ಷೆ ಮುಗಿಸಿ ಖಾಲಿ ಮಾಡುವುದಕ್ಕೂ ಹೊಸಬರು ಬಂದು ತುಂಬುವುದಕ್ಕೂ ನಡುವಿನ ವಾರಗಳಲ್ಲಿ ರೂಮೂ ಸಿಗುತ್ತದೆ, ಅವರು ಬಿಟ್ಟು ಹೋಗುವ ಮಂಚ, ಟೇಬಲ್, ಕೂಲರ್ ಕೂಡ ಸಿಗುತ್ತವೆ. ಅಡ್ಮಿಷನ್ ಶುರುವಾದ ಮೇಲೆ ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಚೌಕಾಸಿ ನಡೆಯುವುದಿಲ್ಲ.

ಯಾವ ಕಡೆ ಹುಡುಕಬೇಕು

ರೈಲ್ವೆ ಹಳಿ ಊರನ್ನು ಎರಡು ಮಾಡಿದೆ. ಹಳಿಯ ಆಚೆ ಹಳೇ ಪೇಟೆ: ಮಂಡಿಪೇಟೆ, ಚೌಕಿಪೇಟೆ, ಗಲಾಟೆ, ಗೋಡೆಗೆ ಗೋಡೆ ಅಂಟಿದ ಮನೆಗಳು. ಸಾಮಾನು ಅಗ್ಗ, ಆದರೆ ಕಾಲ್‌ನಲ್ಲಿ ನಿಮ್ಮ ದನಿಗಿಂತ ಬೀದಿಯ ದನಿ ಜಾಸ್ತಿ ಕೇಳುತ್ತದೆ. ಈಚೆ ಹೊಸ ಬಡಾವಣೆಗಳು: ಪಿ.ಜೆ. ಬಡಾವಣೆ, ಎಂ.ಸಿ.ಸಿ. ಎ ಮತ್ತು ಬಿ ಬ್ಲಾಕ್, ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ, ಕೆ.ಟಿ.ಜೆ. ನಗರ, ನಿಟುವಳ್ಳಿ. ಮೊದಲ ಎರಡು ದುಬಾರಿ. ಕಡಿಮೆ ದುಡ್ಡಿನವರು ಮೊದಲು ನಿಟುವಳ್ಳಿ, ಕೆ.ಟಿ.ಜೆ. ನಗರ, ವಿನೋಬನಗರದ ಒಳರಸ್ತೆಗಳನ್ನು ಸುತ್ತಲಿ. ಊರ ಹೊರಗಿನ ಹೊಸ ಲೇಔಟ್‌ನಲ್ಲಿ ಅದೇ ಬಾಡಿಗೆಗೆ ದೊಡ್ಡ ಮನೆ ಸಿಗುತ್ತದೆ ನಿಜ, ಆದರೆ ಫೈಬರ್ ಅಲ್ಲಿಗೆ ಬಂದಿದೆಯೋ ಮೊದಲು ಕೇಳಿ. ರಾತ್ರಿ ಎಂಟರ ಮೇಲೆ ಅಲ್ಲಿಗೆ ಆಟೋದವರು ಹೇಳುವ ರೇಟನ್ನೂ ಕೇಳಿಕೊಳ್ಳಿ.

ಹುಡುಕುವ ದಾರಿ ಹಳೆಯದೇ. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರಿಂದ ಏಳು ನಡೆದುಕೊಂಡೇ ಸುತ್ತಿ. ಗೇಟಿಗೆ ನೇತು ಹಾಕಿದ "ಮನೆ ಬಾಡಿಗೆಗೆ ಇದೆ" ಬೋರ್ಡುಗಳಲ್ಲಿ ಎಷ್ಟೋ ಆನ್‌ಲೈನ್‌ಗೆ ಬರುವುದೇ ಇಲ್ಲ. ಇಸ್ತ್ರಿ ಅಂಗಡಿಯವರು, ಹಾಲಿನವರು, ಕಿರಾಣಿಯವರನ್ನು ಕೇಳಿ. ಯಾರ ಮನೆ ಖಾಲಿ ಆಗುತ್ತಿದೆ ಅನ್ನುವುದು ಅವರಿಗೆ ಮೊದಲು ಗೊತ್ತು. ಸ್ಥಳೀಯ ಪತ್ರಿಕೆ ಜನತಾವಾಣಿಯ ಚುಟುಕು ಜಾಹೀರಾತು ನೋಡಿ. ಬ್ರೋಕರ್ ಹಿಡಿದರೆ ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಅಂತ ಮನೆ ತೋರಿಸುವ ಮುಂಚೆಯೇ ಮಾತಾಡಿ. ಆನ್‌ಲೈನ್ ಜಾಹೀರಾತಿನಲ್ಲಿ "ನಾನು ಮಿಲಿಟರಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಟೋಕನ್ ಹಾಕಿ, ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಪಡೆಯುವುದಕ್ಕೆ ಯಾರೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ.

ಮಾಲೀಕರ ಮುಂದೆ

"ಯಾವೂರಪ್ಪಾ ನಿಮ್ದು? ಏನ್ ಕೆಲ್ಸ?"

ಇಲ್ಲಿ "ಫ್ರೀಲಾನ್ಸ್" ಅಂದರೆ ಹಿರಿಯರಿಗೆ ಕೇಳಿಸುವುದು "ಕೆಲಸ ಇಲ್ಲ" ಅಂತ. "ಕಂಪನಿಗಳಿಗೆ ಕಂಪ್ಯೂಟರ್‌ನಲ್ಲಿ ಡಿಸೈನ್ ಕೆಲ್ಸ ಮಾಡಿಕೊಡ್ತೀನಿ ಅಂಕಲ್, ಮನೆಯಿಂದಾನೇ. ದುಡ್ಡು ಬ್ಯಾಂಕಿಗೆ ಬರುತ್ತೆ" ಅಂದರೆ ಸಾಕು. ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಹಗಲೆಲ್ಲ ಮನೇಲೇ ಇರ್ತೀಯಾ? ಜನ ಬಂದು ಹೋಗಿ ಮಾಡ್ತಾರಾ?" ಅವರ ಭಯ ಎರಡು: ಬಂದು ಹೋಗುವವರ ಗದ್ದಲ, ಮತ್ತು ಮನೆ ಕಮರ್ಷಿಯಲ್ ಆಗಿ ಕರೆಂಟ್, ಕಂದಾಯ ಜಾಸ್ತಿ ಆಗುತ್ತದೆ ಅನ್ನುವುದು. "ಬೋರ್ಡ್ ಹಾಕಲ್ಲ, ಗಿರಾಕಿ ಬರಲ್ಲ, ಒಂದು ಲ್ಯಾಪ್‌ಟಾಪ್ ಅಷ್ಟೇ" ಅಂತ ಬಿಡಿಸಿ ಹೇಳಿ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಂದ ದುಡ್ಡಿನ ಸಾಲುಗಳನ್ನಷ್ಟೇ ತೋರಿಸಿ, ಪ್ರತಿ ಕೊಡುವುದು ಬೇಡ. ಊರಿನಲ್ಲಿ ಅವರಿಗೆ ಗೊತ್ತಿರುವ ಒಬ್ಬರ ಹೆಸರು ಹೇಳಿದರೆ ಸ್ಟೇಟ್‌ಮೆಂಟ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಪ್ಪನೋ ಅಮ್ಮನೋ ಒಂದು ಸಲ ಬಂದು ಮಾತಾಡಿ ಹೋದರೆ ಇನ್ನೂ ಸಲೀಸು.

"ಯಾವ ಜನ ನೀವು?" ಅಂತಲೂ ಕೇಳುತ್ತಾರೆ. "ಫ್ಯಾಮಿಲಿಗೆ ಮಾತ್ರ", "ವೆಜ್ ಮಾತ್ರ" ಅನ್ನುವ ಬೋರ್ಡುಗಳ ಹಿಂದೆ ಇರುವುದೂ ಬಹಳ ಸಲ ಇದೇ ಪ್ರಶ್ನೆ. ಇದು ತಪ್ಪು ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಗೇಟಿನ ಮುಂದೆ ನಿಂತು ವಾದಿಸಿ ಗೆದ್ದರೂ ಆ ಮನೆಯಲ್ಲಿ ಹನ್ನೊಂದು ತಿಂಗಳು ನೆಮ್ಮದಿಯಿಂದ ಇರುವುದು ಕಷ್ಟ. ಸುಳ್ಳು ಹೇಳಿ ಸೇರುವುದಂತೂ ಬೇಡ. ಮಾಲೀಕರು ಬೇರೆ ಊರಿನಲ್ಲಿರುವ ಮನೆ, ಬರೀ ಬಾಡಿಗೆಗೆ ಅಂತಲೇ ಕಟ್ಟಿಸಿದ ಸಾಲು ರೂಮುಗಳು, ಕಾಲೇಜು ಸುತ್ತಮುತ್ತಲಿನ ಕಟ್ಟಡಗಳಲ್ಲಿ ಈ ತನಿಖೆ ಕಡಿಮೆ.

ಮನೆ ನೋಡುವುದು: ಮಧ್ಯಾಹ್ನ ಮೂರಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ

ಒಂದೇ ಸಲ ನೋಡಿ ಒಪ್ಪಬೇಡಿ. ಮಾರ್ಚ್‌ನಿಂದ ಮೇವರೆಗೆ ಇಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಮಾಮೂಲು. ಮೇಲಿನ ಮಹಡಿಯ ಆರ್‌ಸಿಸಿ ಮನೆ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಮೂರಕ್ಕೆ ಹೋದಾಗ ಪಡುವಣ ಗೋಡೆಗೆ ಕಿಟಕಿ ಇದೆಯೇ, ಟೇಬಲ್ ಇಡುವ ಜಾಗಕ್ಕೆ ಬಿಸಿಲು ಬೀಳುತ್ತದೆಯೇ ನೋಡಿ. ಎಂಟಕ್ಕೆ ಹೋದಾಗ ಅದೇ ಗೋಡೆಗೆ ಅಂಗೈ ಇಡಿ. ಬಿಸಿ ಹತ್ತಿದರೆ ಏಪ್ರಿಲ್‌ನಲ್ಲಿ ಆ ಕೋಣೆಯಲ್ಲಿ ಕೂತು ಕೆಲಸ ಮಾಡಲಾಗುವುದಿಲ್ಲ. ನೆಲಮಹಡಿ ಅಥವಾ ಮೇಲೆ ಇನ್ನೊಂದು ಮನೆ ಇರುವ ಮಹಡಿ ಸಿಕ್ಕರೆ ತಿಂಗಳಿಗೆ ಮುನ್ನೂರು ಹೆಚ್ಚಾದರೂ ಅದನ್ನೇ ಹಿಡಿಯಿರಿ. ಶೀಟ್ ಮನೆ ಬೇಡವೇ ಬೇಡ. ಕೂಲರ್ ಈ ಊರಿನ ಒಣ ಬೇಸಿಗೆಗೆ ಚೆನ್ನಾಗಿ ಹೊಂದುತ್ತದೆ, ಆದರೆ ಎದುರಿನ ಕಿಟಕಿ ತೆರೆದಿರಬೇಕು. ಕಿಟಕಿ ಮುಚ್ಚಿ ಹಾಕಿದರೆ ಕೋಣೆಯೆಲ್ಲ ಜಿಗುಟು. ಮಳೆ ಹಿಡಿದ ಮೇಲೆ ಅದರಿಂದ ಪ್ರಯೋಜನವಿಲ್ಲ.

ನೀರಿನ ವಿಷಯಕ್ಕೆ ಮಾಲೀಕರ ಬದಲು ಪಕ್ಕದ ಮನೆಯವರನ್ನು ಕೇಳಿ. ಕಾರ್ಪೊರೇಷನ್ ನೀರು ಎಷ್ಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎಷ್ಟಕ್ಕೆ? ಸಂಪು ಇದೆಯೇ? ಒಂದು ಸಿಂಟೆಕ್ಸ್ ಎಷ್ಟು ಮನೆಗೆ? ಒಬ್ಬರಿಗೆ ದಿನಕ್ಕೆ 100 ಲೀಟರ್ ಅಂದರೂ, ನಾಲ್ಕು ಮನೆಯ ಹತ್ತು ಜನರಿಗೆ ಸಾವಿರ ಲೀಟರ್ ಟ್ಯಾಂಕ್ ಒಂದೇ ದಿನ. ಬೋರ್ ನೀರಾದರೆ ಬಾತ್‌ರೂಮಿನ ನಲ್ಲಿಯ ತುದಿ ನೋಡಿ. ಬಿಳಿ ಪದರ ಕಟ್ಟಿದ್ದರೆ ಗಡಸು ನೀರು, ಗೀಸರ್ ಕಾಯಿಲ್ ಬೇಗ ಕೆಡುತ್ತದೆ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವುದೇ ಅಗ್ಗ. ಅದು ಎಷ್ಟು ದೂರ, ಕ್ಯಾನ್ ಹೊತ್ತು ಎಷ್ಟು ಮೆಟ್ಟಿಲು ಹತ್ತಬೇಕು ಅಂತ ನೋಡಿಕೊಳ್ಳಿ. ಚಿತ್ರದುರ್ಗ, ಜಗಳೂರು ಸೀಮೆಯ ಎಷ್ಟೋ ಬೋರ್‌ಗಳಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಇನ್ನು ಕರೆಂಟ್. ಟೇಬಲ್ ಇಡುವ ಗೋಡೆಯಲ್ಲೇ ಪ್ಲಗ್ ಇರಬೇಕು. ಕೋಣೆಯುದ್ದ ಎಕ್ಸ್‌ಟೆನ್ಷನ್ ಎಳೆಯುವ ಮನೆ ಬೇಡ. ಲ್ಯಾಪ್‌ಟಾಪನ್ನು ಜೊತೆಗೆ ಒಯ್ದು ಅಲ್ಲೇ ಚಾರ್ಜಿಗೆ ಹಾಕಿ, ಲೋಹದ ಬಾಡಿಯ ಮೇಲೆ ಬೆರಳು ಮೆಲ್ಲಗೆ ಆಡಿಸಿ. ಜುಮ್ ಅಂದರೆ ಅರ್ತಿಂಗ್ ಇಲ್ಲ ಅನ್ನುವ ಅನುಮಾನ ಬರಬೇಕು, ನಿಮ್ಮ ಚಾರ್ಜರ್ ಮೂರು ಪಿನ್ನಿನದಾಗಿದ್ದರೆ. ಅರ್ತಿಂಗ್ ಸರಿ ಮಾಡಿಸಿಕೊಟ್ಟರೆ ಮಾತ್ರ ಅಡ್ವಾನ್ಸ್ ಅನ್ನಿ. ಅಡುಗೆಮನೆಯಲ್ಲಿ 16 ಆಂಪಿಯರ್‌ನ ದೊಡ್ಡ ಪ್ಲಗ್ ಇದೆಯೇ? ಸಣ್ಣ 6 ಆಂಪಿಯರ್ ಪ್ಲಗ್ ತಡೆಯುವುದು ಹೆಚ್ಚೆಂದರೆ 1,380 ವ್ಯಾಟ್. 2,000 ವ್ಯಾಟ್‌ನ ಇಂಡಕ್ಷನ್ ಒಲೆಗೆ ಕನ್ವರ್ಟರ್ ಪ್ಲಗ್ ಹಾಕಿ ಅದರಲ್ಲಿ ಉರಿಸಿದರೆ ಸಾಕೆಟ್ ಕರಗಿ ವಾಸನೆ ಬರುತ್ತದೆ.

ಮೀಟರ್, ಗೃಹಜ್ಯೋತಿ

ನಿಮ್ಮ ಮನೆಗೇ ಬೇರೆ ಬೆಸ್ಕಾಂ ಮೀಟರ್ ಇದೆಯೋ, ಮಾಲೀಕರ ಮೀಟರ್‌ನಿಂದ ಸಬ್ ಮೀಟರೋ ಕೇಳಿ. ಸಬ್ ಮೀಟರ್ ಆದರೆ ಗೃಹಜ್ಯೋತಿ ನಿಮಗೆ ಸಿಗುವುದಿಲ್ಲ, ಯೂನಿಟ್‌ಗೆ ಮಾಲೀಕರು ಹೇಳಿದ್ದೇ ರೇಟು. ಬೇರೆ ಮೀಟರ್ ಇದ್ದರೆ ಬಾಡಿಗೆದಾರರೂ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು: ಬಿಲ್ಲಿನ ಅಕೌಂಟ್ ಐಡಿ, ಆಧಾರ್, ಬಾಡಿಗೆ ಕರಾರು ಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರ್‌ಗೆ ಅಂಟಿಕೊಂಡೇ ಇದ್ದರೆ ಮೊದಲು ಅದನ್ನು ಬಿಡಿಸಬೇಕು, ಇದನ್ನು ಕರಾರಿಗೆ ಮುಂಚೆಯೇ ಮಾಲೀಕರಿಗೆ ಹೇಳಿ ಮಾಡಿಸಿ. ಊರಿನ ಮನೆಯ ಮೀಟರ್ ನಿಮ್ಮ ಆಧಾರ್‌ನಲ್ಲಿದ್ದರೂ ಅದೇ ತೊಡಕು.

"200 ಯೂನಿಟ್ ಫ್ರೀ" ಅಂದುಕೊಂಡು ಬಂದವರು ಮೊದಲ ಬಿಲ್ ನೋಡಿ ಬೆಚ್ಚುತ್ತಾರೆ. ಆ ಮೀಟರ್‌ನ 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟೇ ಉಚಿತ. ಆ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗೆ 58 ಯೂನಿಟ್. ಹಗಲೆಲ್ಲ ಮನೆಯಲ್ಲಿರುವವರ ಬಳಕೆ ನೋಡಿ. 50 ವ್ಯಾಟ್‌ನ ಲ್ಯಾಪ್‌ಟಾಪ್ ದಿನಕ್ಕೆ 10 ಗಂಟೆ, ತಿಂಗಳಿಗೆ 15 ಯೂನಿಟ್. 75 ವ್ಯಾಟ್‌ನ ಹಳೇ ಫ್ಯಾನ್ 16 ಗಂಟೆ, 36 ಯೂನಿಟ್. 2,000 ವ್ಯಾಟ್ ಗೀಸರ್ ದಿನಕ್ಕೆ 20 ನಿಮಿಷ, 20 ಯೂನಿಟ್. ರೌಟರ್ ಹಗಲು ರಾತ್ರಿ, 7 ಯೂನಿಟ್. ದೀಪ ಸೇರಿ 80 ದಾಟಿತು, ಅಡುಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮೇಲಿನ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಇದರಲ್ಲಿ ದೊಡ್ಡ ತುತ್ತು ಫ್ಯಾನಿನದು. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 36 ಇದ್ದದ್ದು ಸುಮಾರು 14ಕ್ಕೆ ಇಳಿಯುತ್ತದೆ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ನೆಟ್ ಮತ್ತು ಕರೆಂಟ್ ಹೋದಾಗಿನ ಕಥೆ

ಯಾವ ಕಂಪನಿ ಒಳ್ಳೆಯದು ಅನ್ನುವ ಪ್ರಶ್ನೆಗೆ ಊರಿಗೆಲ್ಲ ಒಂದೇ ಉತ್ತರ ಇಲ್ಲ, ಬೀದಿಗೊಂದು. ಬಿಎಸ್‌ಎನ್‌ಎಲ್ ಫೈಬರ್ ಆಗಲಿ, ಜಿಯೋ, ಏರ್‌ಟೆಲ್ ಆಗಲಿ, ಲೋಕಲ್ ಕೇಬಲ್‌ನವರಾಗಲಿ, ನಿಮ್ಮ ಬೀದಿಯ ಲೈನ್ ನೋಡಿಕೊಳ್ಳುವ ಹುಡುಗ ಎಷ್ಟು ಬೇಗ ಬರುತ್ತಾನೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಕ್ಕಪಕ್ಕದ ಮೂರು ಮನೆಯವರನ್ನು "ಹೋದ್ರೆ ಎಷ್ಟು ದಿನಕ್ಕೆ ಸರಿ ಮಾಡ್ತಾರೆ?" ಅಂತ ಕೇಳಿ. ಆರು ತಿಂಗಳ ಪ್ಲಾನ್ ಅಗ್ಗ ಅಂತ ಮೊದಲೇ ಕಟ್ಟಬೇಡಿ, ಒಂದು ತಿಂಗಳು ನೋಡಿ. ವಿಡಿಯೋ ಕಳಿಸುವವರಿಗೆ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಮುಖ್ಯ. 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 4 ಜಿಬಿ ಫೈಲ್ ಹೋಗಲು ಸುಮಾರು ಒಂದು ಗಂಟೆ ಬೇಕು.

ಮೊಬೈಲ್ ಸಿಮ್ ಬೇರೆ ಕಂಪನಿಯದಿರಲಿ. ಫೈಬರ್ ಮತ್ತು ಸಿಮ್ ಎರಡೂ ಒಂದೇ ಕಂಪನಿಯದಾದರೆ ಬಿದ್ದಾಗ ಎರಡೂ ಒಟ್ಟಿಗೆ ಬೀಳಬಹುದು. ವಿಡಿಯೋ ಮೀಟಿಂಗ್ ಗಂಟೆಗೆ ಸುಮಾರು ಒಂದು ಜಿಬಿ ತಿನ್ನುತ್ತದೆ, ಹಾಟ್‌ಸ್ಪಾಟ್‌ನಲ್ಲಿ ಇದ್ದಾಗ ಕ್ಯಾಮೆರಾ ಬಂದ್ ಮಾಡಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೂರು ಗಂಟೆ ಬಂದರೂ ರೌಟರ್ ಆ ಕ್ಷಣವೇ ಸತ್ತಿರುತ್ತದೆ. ಅದಕ್ಕೆ ಇನ್ವರ್ಟರ್ ಬೇಡ, ರೌಟರ್‌ಗೆ ಅಂತಲೇ ಸಿಗುವ ಅಂಗೈ ಅಗಲದ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮುಂಚೆ ರೌಟರ್ ಅಡಾಪ್ಟರ್ ತಿರುಗಿಸಿ ಔಟ್‌ಪುಟ್ ಓದಿ: ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಆಂಪಿಯರ್. ಯುಪಿಎಸ್ ಅದಕ್ಕಿಂತ ಕಡಿಮೆ ಆಂಪಿಯರ್‌ನದಾದರೆ ರೌಟರ್ ಆಗಾಗ ರೀಸ್ಟಾರ್ಟ್ ಆಗುತ್ತದೆ. 9 ವೋಲ್ಟ್ ರೌಟರ್‌ಗೆ 12 ಕೊಟ್ಟರೆ ಸುಟ್ಟೇ ಹೋಗಬಹುದು. ಪೆಟ್ಟಿಗೆಯ ಮೇಲಿನ "10,000 ಎಂಎಎಚ್" ನೋಡಿ ಹಿಗ್ಗಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. 37 ವ್ಯಾಟ್‌ಅವರ್, ಪೋಲಾಗುವುದನ್ನು ಕಳೆದರೆ 30. 10 ವ್ಯಾಟ್ ರೌಟರ್‌ಗೆ ಮೂರು ಗಂಟೆ. ಅಷ್ಟು ಸಾಕು. ಇಡೀ ಏರಿಯಾದಲ್ಲಿ ಕರೆಂಟ್ ಇಲ್ಲದಿದ್ದರೆ ಕೇಬಲ್‌ನವರ ಪೆಟ್ಟಿಗೆಯ ಬ್ಯಾಟರಿಯೂ ಮುಗಿಯುತ್ತದೆ, ಆಗ ಸಿಮ್ಮೇ ಗತಿ.

ಡೆಸ್ಕ್‌ಟಾಪ್ ಇದ್ದವರಿಗೆ 600 ವಿಎ ಯುಪಿಎಸ್ ಬೇಕು. ಅದು ಕೆಲಸ ಮಾಡುವುದಕ್ಕಲ್ಲ, ಫೈಲ್ ಸೇವ್ ಮಾಡಿ ಆರಿಸುವುದಕ್ಕೆ. ಲ್ಯಾಪ್‌ಟಾಪ್ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಾನೇ ಹೊಂದಿಕೊಳ್ಳುತ್ತದೆ, ಸ್ಟೆಬಿಲೈಸರ್ ಮಾರಲು ಬಂದರೆ ಬೇಡ ಅನ್ನಿ. ಭರಣಿ ಮಳೆಯ ಗುಡುಗಿಗೆ ಮಾತ್ರ ಪ್ಲಗ್ಗನ್ನೇ ಕೀಳಬೇಕು. ಪತ್ರಿಕೆಯಲ್ಲಿ "ವಿದ್ಯುತ್ ವ್ಯತ್ಯಯ" ಪ್ರಕಟಣೆ ಬರುತ್ತದೆ, ನಿಮ್ಮ ಬಡಾವಣೆಯ ಹೆಸರಿರುವ ದಿನ ಡೆಡ್‌ಲೈನ್ ಇಟ್ಟುಕೊಳ್ಳಬೇಡಿ. ದೂರಿಗೆ 1912.

ಕರಾರು

ಹನ್ನೊಂದು ತಿಂಗಳು ಅಂತಲೇ ಬರೆಯುತ್ತಾರೆ, ವರ್ಷ ದಾಟಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ. ಇ-ಸ್ಟಾಂಪ್ ಪೇಪರ್ ಮೇಲೆ ಬರೆಸಿ. ಅಂಗಡಿಯವರ ಹತ್ತಿರ ಇರುವ ಸಿದ್ಧ ನಮೂನೆಯಲ್ಲಿ ಮಾಲೀಕರ ರಕ್ಷಣೆಯೇ ಇರುತ್ತದೆ, ನಿಮ್ಮದನ್ನು ನೀವೇ ಸೇರಿಸಬೇಕು: ಅಡ್ವಾನ್ಸ್ ಎಷ್ಟು, ಯಾವ ರೀತಿ ಕೊಟ್ಟದ್ದು, ಕೀಲಿ ಕೊಟ್ಟ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ನೋಟಿಸ್ ಒಂದು ತಿಂಗಳೋ ಎರಡೋ, ವರ್ಷಕ್ಕೆ ಎಷ್ಟು ಏರಿಕೆ, ಸೇರಿದ ದಿನದ ಮೀಟರ್ ರೀಡಿಂಗ್. ಕರೆಂಟ್ ಬಿಲ್ ಅಥವಾ ಕಂದಾಯದ ರಸೀದಿಯಲ್ಲಿರುವ ಹೆಸರೂ ಸಹಿ ಹಾಕುವವರ ಹೆಸರೂ ಒಂದೇ ಇರಬೇಕು. ಅಡ್ವಾನ್ಸ್ ಬ್ರೋಕರ್ ಕೈಗೆ ಬೇಡ, ಮಾಲೀಕರ ಖಾತೆಗೆ ಹಾಕಿ. ಸೇರಿದ ದಿನವೇ ಗೋಡೆಯ ಬಿರುಕು, ಸೋರಿದ ಕಲೆ, ಒಡೆದ ಟೈಲ್ಸ್ ಎಲ್ಲ ವಿಡಿಯೋ ಮಾಡಿ ಮಾಲೀಕರಿಗೆ ವಾಟ್ಸಾಪ್ ಕಳಿಸಿಬಿಡಿ.

ಸಾಮಾನು, ಊಟ

ಹಾಸಿಗೆ, ಪುಸ್ತಕ, ಪಾತ್ರೆ ಅಷ್ಟೇ ಇದ್ದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಹಾಕಿ ನೀವು ಬಸ್ಸಿಗೆ ಬನ್ನಿ. ಮಾನಿಟರ್ ಮಾತ್ರ ತೊಡೆಯ ಮೇಲೆ ಇಟ್ಟುಕೊಂಡೇ ಬರಬೇಕು. ಮಂಚ, ಬೀರು ಇದ್ದರೆ ದಾವಣಗೆರೆಗೆ ಖಾಲಿ ವಾಪಸ್ ಬರುವ ಟಾಟಾ ಏಸ್ ಹುಡುಕಿ, ಹೋಗಿಬರುವ ಬಾಡಿಗೆ ಬೀಳುವುದಿಲ್ಲ.

ಮೊದಲು ಕೊಳ್ಳಬೇಕಾದದ್ದು ಕುರ್ಚಿ. ಮಂಚ ಇಲ್ಲದೆ ಗಾದಿ ಹಾಸಿ ಮಲಗಬಹುದು, ಪ್ಲಾಸ್ಟಿಕ್ ಸ್ಟೂಲ್ ಮೇಲೆ ದಿನಕ್ಕೆ ಹತ್ತು ಗಂಟೆ ಕೂರಲಾಗದು. ಫ್ರಿಜ್, ವಾಷಿಂಗ್ ಮಷಿನ್ ಮೊದಲ ಮೂರು ತಿಂಗಳು ಬೇಡ. ಗ್ಯಾಸ್‌ಗೆ ವಿಳಾಸದ ದಾಖಲೆ ಇಲ್ಲದಿದ್ದರೂ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲಿ ಸಿಗುತ್ತದೆ.

ಊಟಕ್ಕೆ ತಿಂಗಳ ಮೆಸ್ ದುಡ್ಡು ಒಟ್ಟಿಗೆ ಕಟ್ಟುವ ಮುಂಚೆ ಬಿಡಿ ಊಟ ನಾಲ್ಕು ದಿನ ಮಾಡಿ ನೋಡಿ. ಖಾನಾವಳಿಯಿಂದ ರೊಟ್ಟಿ, ಪಲ್ಯ ತಂದು ಮನೆಯಲ್ಲಿ ಅನ್ನ ಸಾರು ಮಾಡಿಕೊಳ್ಳುವುದು ದುಡ್ಡಿಗೂ ಹೊಟ್ಟೆಗೂ ಹಿತ. ಕೈ ಬಿಗಿಯಾದ ದಿನ ಇಂದಿರಾ ಕ್ಯಾಂಟೀನ್ ಇದೆ: ತಿಂಡಿ 5 ರೂಪಾಯಿ, ಊಟ 10. ಬೆಣ್ಣೆ ದೋಸೆಯನ್ನು ಪೇಮೆಂಟ್ ಬಂದ ದಿನಕ್ಕೆ ಇಟ್ಟುಕೊಳ್ಳಿ. ಮಂಡಕ್ಕಿ ಮಾತ್ರ ಡಬ್ಬ ತುಂಬ ಇರಲಿ, ಮುಚ್ಚಳ ಬಿಗಿಯಾಗಿ. ರಾತ್ರಿ ಹನ್ನೊಂದಕ್ಕೆ ಈರುಳ್ಳಿ, ಖಾರ, ಒಂದು ಚಮಚ ಎಣ್ಣೆ ಹಾಕಿ ಕಲಸಿದರೆ ಅಷ್ಟು ಅಗ್ಗದ ತಿಂಡಿ ಇನ್ನೊಂದಿಲ್ಲ.

ಊರಿನ ಕೆಲಸ, ಊರಿನ ಬಾಕಿ

ಆನ್‌ಲೈನ್ ಕ್ಲೈಂಟ್‌ಗಳ ಜೊತೆಗೆ ಊರಲ್ಲೂ ಕೆಲಸ ಇದೆ: ಬಟ್ಟೆ ಅಂಗಡಿ, ಆಸ್ಪತ್ರೆ, ಟ್ಯೂಷನ್ ಸೆಂಟರ್, ಕಲ್ಯಾಣ ಮಂಟಪ. ಪೋಸ್ಟರ್, ರೀಲ್ಸ್, ಆಹ್ವಾನ ಪತ್ರಿಕೆ ಕೇಳುತ್ತಾರೆ. ಅರ್ಧ ದುಡ್ಡು ಮೊದಲು, ಉಳಿದದ್ದು ಬಂದ ಮೇಲೆ ಫೈನಲ್ ಫೈಲ್; ಅಲ್ಲಿಯವರೆಗೆ ವಾಟರ್‌ಮಾರ್ಕ್ ಇರುವ ಸಣ್ಣ ಚಿತ್ರ ಮಾತ್ರ. "ನಾಳೆ ಬಾ ತಮ್ಮಾ" ಶುರುವಾದರೆ ಅದು ಹಬ್ಬ ದಾಟುತ್ತದೆ.

ಡಿಸೈನ್ ಮಾಡುವವರು ಒಂದು ತಾಂತ್ರಿಕ ವಿಷಯ ತಿಳಿದಿರಲಿ. ನೀವು ಕನ್ನಡ ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ. ಎಷ್ಟೋ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಹಳೇ ಕೋರಲ್‌ಡ್ರಾ, ನುಡಿ ತಂತ್ರಾಂಶದ ಹಳೇ ಬಗೆಯ ಆಸ್ಕಿ ಫಾಂಟ್. ನಿಮ್ಮ ಫೈಲ್ ಅಲ್ಲಿ ತೆರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ, ಅರ್ಕಾವತ್ತು ಎಲ್ಲೋ ಹೋಗಿರುತ್ತದೆ. ಅಕ್ಷರವನ್ನೆಲ್ಲ ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿ, ಪಿಡಿಎಫ್ ಕೊಡಿ. ಅಲ್ಲೇ ತಿದ್ದುಪಡಿ ಬರುವಂತಿದ್ದರೆ ಪಠ್ಯವನ್ನು ನುಡಿಗೆ ಕನ್ವರ್ಟ್ ಮಾಡಿ ಬೇರೆ ಫೈಲ್ ಆಗಿ ಕಳಿಸಿ. ಫ್ಲೆಕ್ಸ್ ಅಳತೆ ಅಡಿಯಲ್ಲಿ ಕೇಳಿ, ಅಗಲ ಯಾವುದು ಎತ್ತರ ಯಾವುದು ಅಂತ ಬರೆದುಕೊಳ್ಳಿ. 6×4 ಅಂದದ್ದು 4×6 ಆಗಿ ಬಂದರೆ ಮತ್ತೆ ಹೊಡೆಸುವ ಖರ್ಚು ನಿಮ್ಮದೇ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ದರೆ ಪೂರ್ತಿ ಉಚಿತ, ದುಡ್ಡು ಕೇಳುವುದು ಏಜೆಂಟರ ಸೈಟು. ನೋಂದಣಿ ಇದ್ದರೆ ಕಂಪನಿಗಳು ಕರಾರಿನಲ್ಲಿ ಏನೇ ಬರೆದರೂ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನುವ ಕಾನೂನು ನಿಮ್ಮ ಕಡೆ ಇರುತ್ತದೆ. ಬಿಲ್ಲಿನ ಮೇಲೆ ಆ ನಂಬರ್ ಹಾಕಿ. ಕಂಪನಿಗಳು ವೃತ್ತಿಪರ ಶುಲ್ಕದಲ್ಲಿ ಶೇ 10 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತವೆ, ಪ್ಯಾನ್ ಕೊಡದಿದ್ದರೆ ಶೇ 20. ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ವಾಪಸ್ ಬರುತ್ತದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಚಿಂತೆ ಸಾಮಾನ್ಯವಾಗಿ ಇಲ್ಲ.

ಬಿಡುವಾಗ

ಮನೆ ಸರಿಬರದಿದ್ದರೆ ನೋಟಿಸನ್ನು ಬಾಯಿಮಾತಲ್ಲಿ ಕೊಡಬೇಡಿ, ವಾಟ್ಸಾಪ್‌ನಲ್ಲಿ ತಾರೀಖು ಸಮೇತ ಬರೆಯಿರಿ. ಅಡ್ವಾನ್ಸ್ ವಾಪಸ್ ಬರುವುದು ತಡವಾಗುವ ಲಕ್ಷಣ ಕಂಡರೆ "ಕೊನೇ ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ" ಅಂತ ಮೊದಲೇ ಕೇಳಿ ಒಪ್ಪಿಸಿ. ಒಪ್ಪದೆ ನೀವೇ ನಿಲ್ಲಿಸಿದರೆ ಜಗಳ. ಕೊನೆಯ ದಿನ ಮೀಟರ್ ಫೋಟೋ, ಖಾಲಿ ಕೋಣೆಯ ವಿಡಿಯೋ, ನೆಟ್ ಡಿಸ್‌ಕನೆಕ್ಟ್ ಮಾಡಿಸಿ ರೌಟರ್ ಒಪ್ಪಿಸಿದ ರಸೀದಿ. ಗೃಹಜ್ಯೋತಿಯಲ್ಲಿ ಆ ಮೀಟರ್‌ನಿಂದ ನಿಮ್ಮ ಆಧಾರ್ ಬಿಡಿಸಿ; ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ನೀವೂ ಸಿಕ್ಕಿಬೀಳುತ್ತೀರಿ, ಇಲ್ಲಿಗೆ ಹೊಸದಾಗಿ ಬರುವವರೂ.